ನೀಲಿ ಜೋಳ ಕೈಕೊಟ್ಟ ಬೆಳಿಗ್ಗೆ

ಸುಣ್ಣದ ನೀರಲ್ಲಿ ಬೆಂದ ಜೋಳದ ಸಿಪ್ಪೆ ಹೀಗೆ ಜಾರಬಾರದು, ಉಜ್ಜಿದರೆ ಸ್ವಲ್ಪ ಹಟ ಮಾಡಿ ಬಿಡಬೇಕು, ಇದು ಮುಟ್ಟುವ ಮೊದಲೇ ಲೋಳೆಯಾಗಿ ಕಳಚುತ್ತಿದೆ, ಇಡೀ ಹಂಡೆ ಹೀಗೇ — ನೀಲಿ ಮೆಕ್ಕೆಜೋಳಕ್ಕೆ ಬಿಳಿಯದಕ್ಕೆ ಹಾಕುವಷ್ಟೇ ಸುಣ್ಣ, ಅಷ್ಟೇ ಉರಿ, ಇಪ್ಪತ್ತೆಂಟು ವರ್ಷದ ಅಭ್ಯಾಸ ಕೈಯನ್ನು ತಾನೇ ನಡೆಸಿಬಿಟ್ಟಿತು, ಇದು ಮೆತ್ತಗಿನ ಜೋಳ, ಅರ್ಧ ಹೊತ್ತು ಸಾಕು ಅಂತ ಇದನ್ನು ಬೆಳೆದವಳು ಗಡಿಯಾಚೆಯ ಓಹಾಕಾದಿಂದ ಫೋನಿನಲ್ಲಿ ಹೇಳಿದ್ದಳಲ್ಲ, ಹೂಂ ಹೂಂ ಅಂದಿದ್ದೆ. ಹನ್ನೊಂದಕ್ಕೆ ಮಿಸ್ ಡೆಲಾನಿ ನೀಲಿ ಹಿಟ್ಟಿನ ರುಚಿ ನೋಡಲು ಬರುತ್ತಾಳೆ, ಸ್ಯಾನ್ ಆಂಟೋನಿಯೊದ ನದಿದಂಡೆಯ ದೊಡ್ಡ ಹೋಟೆಲಿನ ಮುಖ್ಯ ಅಡುಗೆಯವಳು, ಅವಳು ಒಪ್ಪಿದರೆ ದಿನವೂ ನಮ್ಮ ಹಿಟ್ಟು, ಒಪ್ಪದಿದ್ದರೆ ತಿಂಗಳ ಕೊನೆಗೆ ಗಿರಣಿಗೆ ಬೀಗ ಅಂತ ಮಾವ ಹೇಳಿಬಿಟ್ಟಿದ್ದಾರೆ, ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ ಹಿಟ್ಟು ನಮ್ಮ ಬೀದಿಯನ್ನೇ ನುಂಗಿತು. ಬೀಸುವ ಕಲ್ಲಿಗೆ ಉಳಿಯಿಂದ ಗೀರು ಕೊರೆಯುತ್ತಿದ್ದ ಮಾವ ಹಂಡೆಯೊಳಗೆ ಬಗ್ಗಿ ನೋಡುತ್ತಾರೆ, ಅಂಪಾರೊ, ಮಗಳೇ, ಗೋಡೆಗೆ ಪೋಸ್ಟರ್ ಅಂಟ್ಸೋಕೆ ಚೆನ್ನಾಗಿದೆ ಬಿಡು. ನಗಬೇಡಿ ಮಾವ. ನಗ್ತಿಲ್ಲಮ್ಮ, ಒಂದು ಪ್ಯಾಕೆಟ್ ಹಿಟ್ಟು ಕಲಸು, ಗಟ್ಟಿಯಾಗುತ್ತೆ, ಆ ಯಮ್ಮಂಗೇನು ಗೊತ್ತಾಗುತ್ತೆ, ಈ ಊರಲ್ಲಿ ಯಾವ ಗಿರಣಿಯೋನು ಕಲಸಲ್ಲ ಹೇಳು. ಅವಳಿಗೆ ಗೊತ್ತಾಗುವುದಿಲ್ಲ, ನಿಜ, ಆದರೆ ಹಿಟ್ಟಿನ ಚೀಲದ ಚೀಟಿಯ ಮೇಲೆ ಜೋಳ, ಸುಣ್ಣ, ನೀರು ಅಂತ ಮೂರೇ ಮಾತು ಅಚ್ಚು ಹಾಕಿಸಿದವಳು ನಾನು, ಅದರ ಮೇಲೆ ಅತ್ತೆಯ ಹೆಸರು, ಕ್ರಿಸಾಂತಾ, ಬಿಳಿ ಜೋಳ ಬಿಟ್ಟು ಬೇರೆ ಮುಟ್ಟಿದವರೇ ಅಲ್ಲ ಅವರು — ಆ ಬಿಳಿಯದು ಪಕ್ಕದ ಹಂಡೆಯಲ್ಲಿ ಹದವಾಗಿ ನೆನೆದು ಕೂತಿದೆ, ಬೀದಿಯವರಿಗೆ ಅಂತ, ಬಣ್ಣವಿದ್ದರೇ ಬೆಲೆ ಅಂತ ಯಾರು ಹೇಳಿದ್ದು ನನಗೆ, ಯಾರೂ ಹೇಳಲಿಲ್ಲ, ನಾನೇ, ನನಗೇ ನಮ್ಮದು ಕಡಿಮೆ ಅನ್ನಿಸಿದ್ದು. ಆ ಕಡೆ ಹಿಡೀರಿ ಮಾವ, ಚೆಲ್ಲೋಣ. ಎಲ್ಲಾನೂ? ಎಲ್ಲಾನೂ. ಪಕ್ಕದ ಮನೆ ಕೋಳಿಗಳಿಗೆ ಹಬ್ಬ ಅನ್ನು. ಕಲ್ಲು ಕೂಡಿಸಿ ಬಿಳಿಯದನ್ನು ಸುರಿದೆವು, ಕಲ್ಲು ಗುಡುಗಿತು, ಹಿಟ್ಟು ಕೈಗೆ ಅಂಟದೆ ಬಂತು, ಅವಳೂ ಬಂದಳು, ಹತ್ತು ನಿಮಿಷ ಮೊದಲೇ. ನೀಲಿಯದೆಲ್ಲಿ? ಕೆಡಿಸಿಬಿಟ್ಟೆ, ಚೆಲ್ಲಿದೆ, ಬಿಳಿಯದಿದೆ, ದರ ಮಾತ್ರ ಅದೇ, ಒಂದು ಸೆಂಟೂ ಕಡಿಮೆಯಿಲ್ಲ. ಮಾವ ಜೋರಾಗಿ ಕೆಮ್ಮಿದರು. ಕೆಮ್ಮಲಿ. ತಟ್ಟಿ ಹಾಕಿದ ಟೋರ್ಟಿಯಾ ರೊಟ್ಟಿ ಕಾವಲಿಯ ಮೇಲೆ ಉಬ್ಬಿತು, ತಟ್ಟೆಗೆ ತೆಗೆಯುವ ಮೊದಲೇ ಅವಳು ಕೈ ಚಾಚಿ, ಸುಟ್ಟುಕೊಂಡು, ಬೆರಳು ಬಾಯಿಗಿಟ್ಟು, ಆಮೇಲೆ ಹರಿದು ತಿಂದಳು, ಉಪ್ಪೂ ಇಲ್ಲದೆ, ಎರಡನೆಯದನ್ನೂ ತಿಂದಳು, ಮಾತಾಡು ತಾಯಿ, ಹೂಂ ಅನ್ನು, ಇಲ್ಲ ಅನ್ನು, ನಾನಂತೂ ನಾಳೆಗೂ ಇದನ್ನೇ ನೆನೆಹಾಕುವವಳು — ಆವಿ, ಕಾವಲಿ, ಆ ಬೆರಳು, ಕೆಂಪಗೆ ಸುಟ್ಟ ಅದೇ ಬೆರಳು ಮತ್ತೆ ಚಾಚಿತು, ಮೂರನೆಯದಕ್ಕೆ.