ಕೂಸಿನ ಮೇಲಿನ ನೀಲಿ ಬೆಳಕು

೧೯೯೪ರ ಮಾಘದಲ್ಲಿ, ಡೊಂಬಿವಲಿಯ ಚಾಳೊಂದರ ಒಳಕೋಣೆಯಲ್ಲಿ, ಮಲ್ಲಿಕಾಳ ಚೊಚ್ಚಲ ಕೂಸಿಗೆ ಹಗಲೆಂಬುದು ಇನ್ನೂ ಆಗಿರಲಿಲ್ಲ. ಹತ್ತಿರದ ದಿವಾ ಊರಿನ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದ ಮಗಳ ಬಾಣಂತನವನ್ನು ಚಂದ್ರಬಾಯಿ ಕಲಬುರಗಿಯ ಕ್ರಮದಲ್ಲೇ ನಡೆಸಿದ್ದಳು. ಕಿಟಕಿಗೆ ದಪ್ಪ ಕೌದಿ, ಹೊಸ್ತಿಲ ಬಳಿ ಕುಡುಗೋಲು, ಮೂಲೆಯಲ್ಲಿ ಎಣ್ಣೆದೀಪ, ನೆತ್ತಿಯ ಮೇಲೆ ಹಳದಿ ಬಲ್ಬು. ಬಿಸಿಲಾಗಲಿ ಬೀದಿಯ ದೃಷ್ಟಿಯಾಗಲಿ ಹಸುಗೂಸನ್ನು ತಾಕಬಾರದು. ಅರಿಶಿನ ಬೆರೆಸಿದ ಎಣ್ಣೆ ತಿಕ್ಕಿ ಮೀಯಿಸಿದ ಮೇಲೆ ಆ ಪುಟ್ಟ ಮೈ ಬಲ್ಬಿನ ಕೆಳಗೆ ಹೊಳೆಯುತ್ತಿತ್ತು.

"ಬಂಗಾರದ ಗೊಂಬಿ ಹಡ್ದೀ ನೋಡು. ನೀ ಹುಟ್ಟಿದಾಗ ಇದ್ಲಿ ತುಂಡು ಇದ್ದಂಗ ಇದ್ದಿ."

"ನನಗ ಅರಿಶಿಣ ಕಡಿಮಿ ಹಚ್ಚೀದಿ, ತಗೋ," ಎಂದು ಮಲ್ಲಿಕಾ ನಗುತ್ತಿದ್ದಳು.

ಐದನೆಯ ದಿನ ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ಕೆನ್ನೆ ತಟ್ಟಿದರೂ, ಅಂಗಾಲು ಉಜ್ಜಿದರೂ ಕಣ್ಣು ತೆರೆಯಲಿಲ್ಲ. ಅತ್ತರೆ, ಆ ಅಳು ಗೋಡೆಯಾಚೆಯ ಬೇರೆ ಯಾರದೋ ಮಗುವಿನದೆಂಬಂತೆ ದೂರವಾಗಿ ಕೇಳಿತು. ಚಂದ್ರಬಾಯಿ ನೀರಿಗೆ ಹೋಗಿದ್ದಳು. ಮಲ್ಲಿಕಾ ಕಿಟಕಿಯ ಕೌದಿ ಸರಿಸಿದಳು.

ಬಿಸಿಲು ಒಳಬಂತು, ಬಲ್ಬಿನ ಬೆಳಕು ಒಂದು ಕ್ಷಣದಲ್ಲಿ ಸುಳ್ಳಾಯಿತು. ಒದ್ದೆ ಸೆರಗಿನಿಂದ ಕೂಸಿನ ಎದೆ ಒರೆಸಿದಳು. ಅರಿಶಿನ ಸೆರಗಿಗೆ ಬಂತು, ಹಳದಿ ಮಾತ್ರ ಮೈಯಲ್ಲೇ ಉಳಿಯಿತು. ರೆಪ್ಪೆ ಬಿಡಿಸಿದಳು. ಬಿಳಿಯಿರಬೇಕಾದಲ್ಲಿ ಚೆಂಡುಹೂವಿನ ಬಣ್ಣ. ಕಣ್ಣೊಳಗೆ ಅರಿಶಿನ ಹಚ್ಚಿದವರು ಯಾರೂ ಇರಲಿಲ್ಲ.

"ಏ ಹುಚ್ಚಿ, ಕೌದಿ ಯಾಕ ತಗದಿ? ಕೂಸಿಗಿ ಗಾಳಿ ಬಡೀತದ!" ಚಂದ್ರಬಾಯಿ ಕೊಡ ಹೊತ್ತೇ ಬಾಗಿಲಲ್ಲಿ ನಿಂತಿದ್ದಳು.

"ಯವ್ವಾ, ಇದರ ಕಣ್ಣು ನೋಡು."

ಚಂದ್ರಬಾಯಿ ನೋಡಿದಳು. ಆಮೇಲೆ ಆ ಮನೆಯಲ್ಲಿ ಯಾರೂ ಗಾಳಿಯ ಮಾತೆತ್ತಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ತೆಗೆಸಿದರು. ಕಾಮಾಲೆ ಬಹಳ ಏರಿತ್ತು. ಸಂಜೆ ಮತ್ತೊಮ್ಮೆ ನೋಡುವುದು. ಇನ್ನೂ ಏರಿದ್ದರೆ ಕೂಸಿನ ರಕ್ತವನ್ನೇ ಬದಲಾಯಿಸಬೇಕು. ಮೆದುಳಿಗೆ ಮುಟ್ಟಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಷ್ಟು ಹೇಳಿ, ಬತ್ತಲೆ ಕೂಸಿನ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿ, ನೀಲಿ ಟ್ಯೂಬುಗಳ ಕೆಳಗೆ ಮಲಗಿಸಿದರು. ಆ ಬೆಳಕಿನಲ್ಲಿ ಕೂಸು ಈ ಲೋಕದ್ದಾಗಿ ಕಾಣಲಿಲ್ಲ.

"ದೀಪ ಅಂದ್ರ ದೇವರು," ಚಂದ್ರಬಾಯಿಯ ದನಿ ಒಣಗಿತ್ತು. "ಇದ್ಯಾವ ದೀಪ, ಕಣ್ಣು ಕಟ್ಟಿಸ್ಕೋತದ? ಇವತ್ತ ಐದನೇ ರಾತ್ರಿ, ಸಟವಿ ದೇವಿ ಕೂಸಿನ ಹಣೀಬರಹ ಬರಿಲಿಕ್ಕ ಬರ್ತಾಳ. ದೀಪ ಮನ್ಯಾಗ, ಕೂಸು ಇಲ್ಲಿ. ನಡಿ, ಹೋಗೂನು."

"ಕೂಸೇ ಉಳೀಲಿಲ್ಲಂದ್ರ ಆಕಿ ಯಾರ ಹಣೀ ಮ್ಯಾಲ ಬರೀತಾಳ?"

ಚಂದ್ರಬಾಯಿ ಕಣ್ಣಿನ ಪಟ್ಟಿಗೆ ಕೈ ಹಾಕಿದಳು. ಮಲ್ಲಿಕಾ ಆ ಕೈಯನ್ನು ಹಿಡಿದು ನಿಲ್ಲಿಸಿದಳು. ಇಬ್ಬರ ಕೈಗಳೂ ತಣ್ಣಗಿದ್ದವು. ಕೊನೆಗೆ ಚಂದ್ರಬಾಯಿ ಕೈ ಹಿಂದೆಗೆದಳು.

ಮಧ್ಯಾಹ್ನ ಇಳಿಯುವಾಗ ಕರೆಂಟು ಹೋಯಿತು.

ಫ್ಯಾನು ನಿಂತಿತು; ನೀಲಿ ಆರಿತು. ಮಬ್ಬಿನಲ್ಲಿ ಕೂಸು ಒಂದು ಹಿಡಿ ಬೂದಿಯಂತೆ ಮಲಗಿತ್ತು. ಉಸಿರಿದೆಯೋ ಇಲ್ಲವೋ ತಿಳಿಯದೆ ಮಲ್ಲಿಕಾ ಅದರ ಎದೆಗೆ ಕಿವಿಯಿಟ್ಟಳು. ಅವಳಿಗೆ ಕೇಳಿಸಿದ್ದು ತನ್ನದೇ ಗುಂಡಿಗೆಯ ಬಡಿತ.

"ಸಿಸ್ಟರ್! ಬತ್ತಿ ಹಚ್ರಿ! ನೀಲಿ ಬತ್ತಿ!" ಕೂಗುತ್ತ ಹೊರಗೋಡಿದವಳು ಚಂದ್ರಬಾಯಿ.

"ಮಾವಶಿ, ಘಾಬರೂ ನಕಾ," ಎಂದು ಮರಾಠಿಯಲ್ಲಿ ಧೈರ್ಯ ಹೇಳಿ ಸಿಸ್ಟರ್ ಹಿತ್ತಲಿನತ್ತ ಕೈ ತೋರಿಸಿದಳು. ಅಲ್ಲಿ ತಗಡಿನ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಸೈದಪ್ಪ ಜನರೇಟರಿನ ಹ್ಯಾಂಡಲ್ ತಿರುವುತ್ತಿದ್ದ. ಯಂತ್ರ ಕೆಮ್ಮಿ ಸುಮ್ಮನಾಗುತ್ತಿತ್ತು.

"ಉಂಡಿಲ್ಲೇನೋ ಭಾಡ್ಯಾ? ಜೋರ್ಲೆ ತಿರುವು!"

"ಯಕ್ಕಾ, ನಿನ್ನ ಬಾಯಿಗೇ ವಾಯರ್ ಹಚ್ಚಿದ್ರ ಇಡೀ ಡೊಂಬಿವಲಿಗಿ ಕರೆಂಟ್ ಸಿಗ್ತದ."

"ಹಚ್ಚು! ಹಚ್ಚೋ ತಂದೀ, ಹಚ್ಚು!"

ಅವಳ ಮುಖ ನೋಡಿ ಸೈದಪ್ಪನ ನಗೆ ನಿಂತಿತು. ಚಂದ್ರಬಾಯಿ ತಾನೂ ಹ್ಯಾಂಡಲಿಗೆ ಕೈ ಕೊಟ್ಟಳು. ಎರಡು ಜೀವಗಳ ಬಲಕ್ಕೆ ಯಂತ್ರ ಒಮ್ಮೆ ಒದರಿ ಹತ್ತಿಕೊಂಡಿತು. ಒಳಗಿನಿಂದ ಮಲ್ಲಿಕಾ ಕೂಗಿದಳು: "ಬಂತು ಯವ್ವಾ! ಬಂತು!"

ಸಂಜೆಯ ವರದಿ ಹಿಡಿದು ಬಂದ ಡಾಕ್ಟರಮ್ಮ, ಏರಿಲ್ಲ, ಎಂದರು. ಇಳಿದೂ ಇರಲಿಲ್ಲ. ರಕ್ತ ಬದಲಾಯಿಸುವುದು ಸದ್ಯಕ್ಕೆ ಬೇಡ. ಇಡೀ ರಾತ್ರಿ ಬೆಳಕಿನ ಕೆಳಗೇ ಇರಲಿ.

"ಮತ್ತ ಕರೆಂಟ್ ಹೋದ್ರ?" ಚಂದ್ರಬಾಯಿ ಕೇಳಿದಳು.

ಅವಳು ಮನೆಗೆ ಹೋಗಲಿಲ್ಲ. ಹಿತ್ತಲಿಗೆ ಹೋಗಿ, ಶೆಡ್ಡಿನ ಬಾಗಿಲಿಗೆ ಅಡ್ಡಲಾಗಿ ಸೆರಗು ಹೊದ್ದು ಕುಳಿತಳು. ಚಹಾ ಕುಡಿದು ಬರುತ್ತೇನೆಂದು ಎದ್ದ ಸೈದಪ್ಪನಿಗೆ ದಾರಿ ಬಿಡಲಿಲ್ಲ.

"ಕುಂದ್ರಪ್ಪಾ. ಚಾ ನಾನೇ ತರಸ್ತೀನಿ. ನೀ ಮಾತ್ರ ಎಲ್ಲೂ ಹೋಗಬ್ಯಾಡ."