ಬೈ ಇಲ್ಲದ ವಾಕ್ಯ

ಆ ಚೀಲ ಹೊಲಿಯುವ ಕಾರ್ಖಾನೆಯ ಟೈಪಿಸ್ಟಮ್ಮನ ವೇಗ ಎಂಥದ್ದೆಂದರೆ, ಸಾಹೇಬರು ಕೆಮ್ಮುವ ಮೊದಲೇ ಕೆಮ್ಮು ಕಾಗದದ ಮೇಲಿರುತ್ತಿತ್ತು. ಇಂಗ್ಲಿಷ್ ವ್ಯಾಕರಣವಂತೂ ಅವಳನ್ನು ಕಂಡರೆ ಎದ್ದು ನಿಂತು ಕುರ್ಚಿ ಬಿಟ್ಟುಕೊಡುತ್ತಿತ್ತು. ಅಂಥವಳ ಕೈ ಅಂದು ಮೊದಲ ಸಲ ಕೀಲಿಗಳ ಮೇಲೆ ನಿಂತುಬಿಟ್ಟಿತು.

ಹಿಂದಿನ ವಾರ ಬಟ್ಟೆ ಕತ್ತರಿಸುವ ಯಂತ್ರ ಅಲ್ಲೇ ದುಡಿಯುತ್ತಿದ್ದ ಅವಳ ಅತ್ತಿಗೆಯ ಎರಡು ಬೆರಳು ನುಂಗಿತ್ತು. ಕೆಲಸ ಬೇಗ ಸಾಗಲೆಂದು ಅದರ ಕಾವಲು ಜಾಲರಿ ಬಿಚ್ಚಿಸಿದ್ದು ಮ್ಯಾನೇಜರು; ಅದು ಗೋಡೆಯ ಹಲ್ಲಿಗೂ ಗೊತ್ತಿತ್ತು. ಈಗ ಪಕ್ಕದ ಕೋಣೆಯಲ್ಲಿ ತನಿಖಾಧಿಕಾರಿ ವರದಿಗಾಗಿ ಕಾಯುತ್ತಿದ್ದರು. ತಪ್ಪು ಅತ್ತಿಗೆಯದೆಂದಾದರೆ ಬೆರಳಿನ ಹಿಂದೆಯೇ ಕೆಲಸವೂ ಹೋಗುತ್ತಿತ್ತು.

"ಬರ್ಕೊಳ್ಳಮ್ಮ," ಎಂದರು ಮ್ಯಾನೇಜರು. "ದಿ ಗಾರ್ಡ್ ಹ್ಯಾಸ್ ಬೀನ್ ರಿಮೂವ್ಡ್. ಫುಲ್‌ಸ್ಟಾಪ್."

"ಯಾರು ತೆಗೆದಿದ್ದು ಸಾರ್?"

"ಅದೇ ಕಣಮ್ಮ ಇಂಗ್ಲಿಷಿನ ಸೊಗಸು! ತೆಗೆಯಲ್ಪಟ್ಟಿದೆ. ಅಷ್ಟೇ. ತೆಗೆದೋರು ಬೇಕಾಗಿಲ್ಲ."

"ಓ, ನಮ್ಮನೆಯವ್ರೂ ಹಾಗೇ ಸಾರ್. ಸಕ್ಕರೆ ಡಬ್ಬಿ ಖಾಲಿ ಮಾಡಲ್ಪಟ್ಟಿದೆ ಅಂತಾರೆ, ಮೀಸೆ ಒರೆಸ್ಕೊಂಡು."

ಮ್ಯಾನೇಜರು ಉರಿಗಣ್ಣು ಬಿಟ್ಟು ಫೋನೆತ್ತಿದರು. ಅವರು ಅದನ್ನು ಇಳಿಸುವಷ್ಟರಲ್ಲಿ ಅವಳು ಏಳು ಊರಿಗೆ ಕೇಳುವಂತೆ ಕೀಲಿ ಕುಟ್ಟಿ, ಎದ್ದು ಹೊರಗೆ ಹೋಗಿ, ತಿರುಗಿ ಬಂದೂ ಆಗಿತ್ತು. ಅವಳು ಮುಂದಿಟ್ಟ ಹಾಳೆ ನೋಡಿ ಅವರ ಕನ್ನಡಕ ಮೂಗಿನಿಂದ ಧುಮುಕಿತು. 'ಹ್ಯಾಸ್' ಜಾಗದಲ್ಲಿ 'ಹ್ಯಾಡ್' ಕೂತಿತ್ತು; ವಾಕ್ಯದ ಬಾಲಕ್ಕೆ 'ಬೈ ದಿ ಮ್ಯಾನೇಜರ್' ಅಂಟಿತ್ತು.

"ನನ್ನನ್ನೇ ಬೈತೀಯಾ?"

"ಬೈದಿಲ್ಲ ಸಾರ್, ಬೈ ಹಾಕಿದೀನಿ. 'ಹ್ಯಾಡ್ ಬೀನ್' ಅಂದ್ರೆ ಬೆರಳು ಹೋಗೋಕೆ ಮುಂಚೇನೇ ಜಾಲರಿ ಹೋಗಿತ್ತು ಅಂತ. ನಿಮ್ಮ 'ಹ್ಯಾಸ್'ನಲ್ಲಿ ಅದು ಯಾವಾಗ ಹೋಯ್ತೋ ದೇವರಿಗೇ ಗೊತ್ತು."

"ಅಳಿಸು! ಇಲ್ದಿದ್ರೆ ನಾಳೆಯಿಂದ ಬರ್ಬೇಡ."

"ಅಳಿಸಿ ಏನು ಬಂತು ಸಾರ್? ನಿಮ್ಮ ಕೈಲಿರೋದು ಕಾರ್ಬನ್ ಪ್ರತಿ. ದಿ ರಿಪೋರ್ಟ್ ಹ್ಯಾಸ್ ಬೀನ್ ಡೆಲಿವರ್ಡ್."

ಮ್ಯಾನೇಜರ ಮುಖ ಸುಣ್ಣ ಬಳಿದ ಗೋಡೆಯಾಯಿತು. "ಕೊಟ್ಟೋರು ಯಾರು? ಅದಕ್ಕೆ ಸಹಿ ಹಾಕಿದ್ದು ಯಾರು?"

ಈ ಎರಡು ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳಲು ಇಂಗ್ಲಿಷಿನಲ್ಲಿ ನೂರು ದಾರಿಯಿತ್ತು. ನೂರೂ ಅವಳಿಗೆ ಬಾಯಿಪಾಠವಾಗಿದ್ದವು. ಅವಳು ತನ್ನ ಊಟದ ಡಬ್ಬಿ, ಛತ್ರಿ ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಎರಡೂ ಬೈ ಮೀ, ಸಾರ್."

ಪಕ್ಕದ ಕೋಣೆಯಿಂದ ಕುರ್ಚಿ ಸರಿದ ಸದ್ದಾಯಿತು. "ಮ್ಯಾನೇಜರೇ, ಸ್ವಲ್ಪ ಒಳಗೆ ಬನ್ನಿ."