ಒಂಟಿ ಕಣ್ಣಿನ ಕುಂಬಳಕಾಯಿ

ಕಾಲುಚೀಲದ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ, ತಾಯಂದಿರು ಮೆಷಿನ್ನಿನ ಮುಂದೆ ಕೂತಿರುವಷ್ಟು ಹೊತ್ತೂ ಅವರ ಹತ್ತು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಎಲ್ಲರ ಬಾಯಲ್ಲೂ ಚಿಕ್ಕಮ್ಮ. ಒಡಹುಟ್ಟಿದವರೇ ಇಲ್ಲದ ಅವಳಿಗೆ ಆ ಹೆಸರು ಯಾರಿಟ್ಟರೋ, ಅಂಟಿಕೊಂಡುಬಿಟ್ಟಿತ್ತು. ಕೋಣೆಯಲ್ಲಿದ್ದ ಆಟಿಕೆಗಳೆಂದರೆ ಚಕ್ರ ಕಳೆದುಕೊಂಡ ಎರಡು ಬಸ್ಸು, ಕೈಯಿಲ್ಲದ ಒಂದು ಗೊಂಬೆ. ಹಾಗಾಗಿ ಚಿಕ್ಕಮ್ಮ ಆಯಾ ಕಾಲಕ್ಕೆ ಬೇಲಿಯಲ್ಲಿ, ಮರದ ಬುಡದಲ್ಲಿ ಸಿಕ್ಕಿದ್ದರಿಂದಲೇ ಆಟ ಹುಟ್ಟಿಸುತ್ತಿದ್ದಳು.

ಆ ಸಲ ಮಳೆ ನಿಂತು ಹುಲ್ಲು ಒಣಗಿ, ಬಳ್ಳಿಗಳ ಮೇಲಿನ ಕಾಯಿಗಳು ಪಟಪಟ ಸಿಡಿಯುವ ಹೊತ್ತು. ಕ್ಯಾಂಟೀನಿನ ಅಡುಗೆಯವನು ಅಂಗೈಯಲ್ಲಿ ಹಿಡಿಸುವಷ್ಟೇ ಬೆಳೆದು ನಿಂತುಹೋದ ಹತ್ತು ಕುಂಬಳಕಾಯಿ ತಂದುಕೊಟ್ಟ. "ಸಾರಿಗೂ ಬರಲ್ಲ, ಪಲ್ಯಕ್ಕೂ ಬರಲ್ಲ. ನಿಮ್ಮ ಪಟಾಲಮ್ಮಿಗೆ ಬಂದೀತು ನೋಡಿ," ಎಂದ.

ಚಿಕ್ಕಮ್ಮನ ಮುಖ ಅರಳಿತು. ಮರುದಿನ ಬೆಳಿಗ್ಗೆ ರೈಲುಹಳಿಯ ಬೇಲಿಯ ಉದ್ದಕ್ಕೂ ನಡೆದು ಚೀಲ ತುಂಬಿಸಿಕೊಂಡು ಬಂದಳು. ಕೂದಲಿಗೆ ಒಣಹುಲ್ಲಿನ ತೆನೆ, ಕಿವಿಗೆ ತೊಗಟೆ, ಮೂಗಿಗೆ ಕಡ್ಡಿ. ಕಣ್ಣಿಗೆಂದು, ಬಳ್ಳಿಯ ಮೇಲೆ ಬಾಯಿ ಬಿಟ್ಟ ಕಾಯಿಗಳಿಂದ ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿ. ಒಬ್ಬೊಬ್ಬರಿಗೆ ಎರಡೆರಡು ಹಂಚಿದಳು. ಹೋ ಎಂದು ಕೂಗಾಡುತ್ತಾ, ಮೊಣಕೈವರೆಗೆ ಮೈದಾ ಅಂಟು ಮೆತ್ತಿಕೊಳ್ಳುತ್ತಾ ಮಕ್ಕಳು ಮುಖ ಮಾಡಿದವು. ಒಬ್ಬ ತನ್ನದಕ್ಕೆ ಸೂಪರ್‌ವೈಸರ್ ಮೀಸೆ ಇಟ್ಟು ಎಲ್ಲರನ್ನೂ ನಗಿಸಿದ.

ಸಾಲಾಗಿ ಜೋಡಿಸುವಾಗ ಒಂದು ಕುಂಬಳಕಾಯಿಗೆ ಒಂದೇ ಕಣ್ಣಿತ್ತು. ಅದು 'ಹ್ಞೂಂ'ಳದ್ದು. ಎರಡೂವರೆ ವರ್ಷದ ಆ ಹುಡುಗಿ ಏನು ಕೇಳಿದರೂ ಹ್ಞೂಂ ಅನ್ನುತ್ತಿದ್ದಳು. ಅದೇ ಅವಳ ಅಡ್ಡಹೆಸರು.

"ಇನ್ನೊಂದು ಕಣ್ಣೆಲ್ಲೇ ಪುಟ್ಟಿ?"

ಅವಳು ಬಾಯಿ ಅಗಲಿಸಿ ತೋರಿಸಿದಳು. ಆಮೇಲೆ ಹೊಟ್ಟೆ ತಟ್ಟಿಕೊಂಡಳು.

ಹಾಲು ತಂದ ಅಡುಗೆಯವನು ಬಾಗಿಲಲ್ಲೇ ನಿಂತುಬಿಟ್ಟ. "ಚಿಕ್ಕಮ್ಮಾ, ಗುಲಗಂಜಿನಾ ನುಂಗಿದ್ದು? ಅದು ವಿಷ ಅಲ್ವಾ?"

ಐವತ್ತೆರಡು ವರ್ಷ ಚಿಕ್ಕಮ್ಮ ಆ ಬೀಜವನ್ನು ಚಂದ ಎಂದಷ್ಟೇ ನೋಡಿದ್ದಳು.

ಉಳಿದ ಮಕ್ಕಳ ಕೈಯಿಂದ ಕುಂಬಳಕಾಯಿ ಕಿತ್ತು, ಅವರನ್ನು ಅಡುಗೆಯವನಿಗೆ ಒಪ್ಪಿಸಿ, ಹುಡುಗಿಯನ್ನು ಸೊಂಟಕ್ಕೇರಿಸಿಕೊಂಡು ಓಡಿದಳು. ಹುಡುಗಿಯ ತಾಯಿ, ಕಾಲುಚೀಲದ ಬೆರಳ ತುದಿ ಹೊಲಿಯುವವಳು, ತಲೆತುಂಬ ನೂಲಿನ ಧೂಳು ಹೊತ್ತುಕೊಂಡೇ ಹಿಂದೆ ಓಡಿಬಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಮಾತು:

"ಇಡೀ ನುಂಗಿದಾಳಾ, ಅಗಿದಿದಾಳಾ? ಅಗಿದಿಲ್ಲ ಅಂದ್ರೆ ಬಹುಶಃ ಹಾಗೇ ಹೊರಗೆ ಬರುತ್ತೆ. ಅಗಿದಿದ್ರೆ..."

ತಾಯಿ ಮಗಳ ಗಲ್ಲ ಹಿಡಿದಳು. "ಕಚ್ಚಿದೆಯಾ ಕಂದ, ಕಟುಂ ಅಂತ?"

"ಹ್ಞೂಂ."

"ಇಲ್ಲಾ ಗುಳುಂ ಅಂತ ನುಂಗಿದೆಯಾ?"

"ಹ್ಞೂಂ."

ಡಾಕ್ಟರಿಗೇ ನಗು ಬಂದು, ತಕ್ಷಣ ಇಂಗಿತು. ಚಿಕ್ಕಮ್ಮ ಚಿತ್ರ ಬಿಡಿಸಿ ತೋರಿಸಿದಳು, ತಾನೇ ಅಗಿದು ತೋರಿಸಿದಳು. ಎಲ್ಲಕ್ಕೂ ಹ್ಞೂಂ. ಇದ್ದಿಲಿನ ಕಪ್ಪು ಔಷಧಿ ಕುಡಿಸಿದರು. ಈ ವಿಷಕ್ಕೆ ಮದ್ದಿಲ್ಲ, ಮೂರು ದಿನ ಕಾಯಬೇಕು, ಮಲ ಜಾಲಿಸಿ ನೋಡಬೇಕು ಅಂದರು.

ಕಾಯುವುದೊಂದೇ ಕೆಲಸವಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಚಿಕ್ಕಮ್ಮ ಆಸ್ಪತ್ರೆಗೆ ಹೋಗುತ್ತಿದ್ದಳು. "ನೀವು ಯಾರಾಗ್ಬೇಕು?" ಎಂದು ನರ್ಸ್ ಕೇಳಿದಾಗ "ಚಿಕ್ಕಮ್ಮ" ಎಂದಳು, ಒಳಗೆ ಬಿಟ್ಟರು. ಒಳಗೆ ಹೋಗಿ ಮಾಡುವುದಕ್ಕಾದರೂ ಏನಿತ್ತು? ಹೊದಿಕೆ ಸರಿಮಾಡಿದಳು. ಸರಿಯಾಗಿದ್ದದ್ದನ್ನೇ ಇನ್ನೊಮ್ಮೆ ಸರಿಮಾಡಿದಳು. ಎರಡನೇ ದಿನ ಹುಡುಗಿ ವಾಂತಿ ಮಾಡಿಕೊಂಡಾಗ ತಾಯಿಯ ಕಣ್ಣು ಒಮ್ಮೆ ಚಿಕ್ಕಮ್ಮನ ಕಡೆ ತಿರುಗಿ ಅಲ್ಲೇ ನಿಂತಿತು. ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದು ಅತ್ತಾದರೂ ಹಗುರಾಗಬಹುದಿತ್ತು. ಅದು ಔಷಧಿಯ ವಾಂತಿಯೋ, ವಿಷದ್ದೋ ಡಾಕ್ಟರಿಗೂ ಗೊತ್ತಾಗಲಿಲ್ಲ.

"ನಾನು ಏನ್ ಮಾಡ್ಲಿ ಹೇಳು," ಎಂದಳು ಚಿಕ್ಕಮ್ಮ.

"ಏನಿದೆ ಚಿಕ್ಕಮ್ಮಾ ಮಾಡೋಕೆ? ಕೂತ್ಕೊಳಿ."

ಕೂತಳು. ಕಿಟಕಿಯಾಚೆ ಯಾರೋ ಕಾರು ತೊಳೆಯುತ್ತಿದ್ದರು. ಅಂದು ಬೆಳಿಗ್ಗೆ ಆ ಬೇಲಿಯ ಬಳಿ ತಾನು ಹಾಡು ಗುನುಗುತ್ತಾ ಬಾಗಿದ್ದು ಕಣ್ಣಿಗೆ ಕಟ್ಟಿ, ತನ್ನ ಬೆರಳುಗಳನ್ನೇ ನೋಡಿಕೊಂಡಳು.

ಮೂರನೇ ದಿನ ಬೀಜ ಹೊರಬಂತು. ಇಡಿಯಾಗಿತ್ತು, ಹೊಳಪೂ ಮಾಸಿರಲಿಲ್ಲ. ತಾಯಿ ನಗುತ್ತಲೇ ಗೋಡೆಗೆ ಹಣೆ ಹಚ್ಚಿ ಬಿಕ್ಕಿದಳು. ಚಿಕ್ಕಮ್ಮ ಅವಳ ಬೆನ್ನು ಸವರಲು ಕೈಯೆತ್ತಿ, ಮುಟ್ಟಲಾರದೆ ಇಳಿಸಿದಳು.

ವಾರ ಕಳೆದು ತಾಯಿ ಕೆಲಸಕ್ಕೆ ಬಂದಳು, ಒಬ್ಬಳೇ. ಮಗುವನ್ನು ಅಜ್ಜಿಯ ಮನೆಗೆ ಕಳಿಸಿದ್ದಳು, ಬಸ್ಸಿನಲ್ಲಿ ಐದು ಗಂಟೆಯ ದೂರ.

"ಎಷ್ಟು ದಿನಕ್ಕೆ?" ಎಂದು ಕೇಳಿದಳು ಚಿಕ್ಕಮ್ಮ.

"ಶಾಲೆಗೆ ಸೇರಿಸೋವರೆಗೂ. ನಿಮ್ಮ ಮೇಲೆ ಗುಲಗಂಜಿಯಷ್ಟೂ..." ಎಂದವಳು ನಾಲಗೆ ಕಚ್ಚಿಕೊಂಡಳು. "ಕೋಪ ಇಲ್ಲ ಚಿಕ್ಕಮ್ಮಾ. ಬೇಕು ಅಂತ ಮಾಡಿದ್ದಲ್ಲ, ಗೊತ್ತು. ಆದ್ರೆ ಅವಳು ಇಲ್ಲಿದ್ರೆ ಮೆಷಿನ್ ಮುಂದೆ ನನ್ನ ಕೈ ಓಡಲ್ಲ. ಏನ್ ತಿಂದ್ಲೋ, ಏನ್ ನುಂಗಿದ್ಲೋ ಅಂತಲೇ."

"ರಾತ್ರಿ ನೀನಿಲ್ದೆ ಮಲಗ್ತಾಳಾ?"

"ಇಲ್ಲ," ಎಂದಳು ತಾಯಿ. ಗಂಟೆ ಹೊಡೆಯಿತು, ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು.

ಚಿಕ್ಕಮ್ಮ ಮಕ್ಕಳ ಕೋಣೆಗೆ ಮರಳಿದಳು. ಇನ್ನು ಮುಂದೆ ಹೊರಗಿನ ಒಂದು ಎಲೆಯೂ ಒಳಗೆ ಬರಕೂಡದು ಎಂದು ಆಫೀಸಿನವರು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಬಣ್ಣದ ಕಾಗದದ ಒಂದು ಕಟ್ಟೂ ಕೊಟ್ಟಿದ್ದರು. ಒಂಬತ್ತು ಮಕ್ಕಳು ಗೋಡೆಗೊರಗಿ ಕಾಯುತ್ತಿದ್ದವು. ಚಿಕ್ಕಮ್ಮ ಕಟ್ಟು ಬಿಚ್ಚಿ, ಒಬ್ಬೊಬ್ಬರಿಗೆ ಒಂದೊಂದು ಹಾಳೆ ಕೊಟ್ಟು, ಯಾರೂ ಬಾಯಿಗೆ ಹಾಕದ ಹಾಗೆ ಅವರ ಬಾಯಿಗಳನ್ನೇ ನೋಡುತ್ತಾ ಕೂತಳು.